ಭುಜದ ಮೇಲಿನ ಕೈ

ಅಣ್ಣನ ಬಡಗಿ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ವಾರ ನಾವು ಕೆಲವರು ಕೂತು ಯೇಸುವಿನ ಬೋಧನೆ ಓದುತ್ತೇವೆ. ಯಾರಿಗಾದರೂ ಕಷ್ಟವಿದ್ದರೆ ಅವರ ಭುಜದ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ನಮ್ಮ ರೂಢಿ.

"ನಾಳೆ ಕೆಲಸಕ್ಕೆ ಬರದಿದ್ರೆ ಮತ್ತೆ ಬರಲೇಬೇಡ ಅಂದಿದ್ದಾರೆ ಲಾಂಡ್ರಿಯವರು," ಎಂದೆ. "ಹಾಸಿಗೆ ಹಿಡಿದಿರೋ ಅಮ್ಮನ್ನ ಒಬ್ಬಳನ್ನೇ ಬಿಟ್ಟು ಹೇಗೆ ಹೋಗಲಿ?"

"ನಾಳೆ ಚಿಂತೆ ಬೇಡ ಅಂತ ಈಗಷ್ಟೇ ಓದಿದ್ವಲ್ಲ, ತಂಗೀ," ಎಂದ ಅಣ್ಣ ನನ್ನ ಭುಜದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಕೈಯನ್ನು ತಳ್ಳಿದೆ. "ಈ ಕೈಯಿಂದ ಅಮ್ಮನಿಗೆ ಒಂದು ಲೋಟ ನೀರು ಕೊಟ್ಟಿದ್ದೀಯಾ? ಬರೀ 'ಸ್ವಾಮೀ, ಸ್ವಾಮೀ' ಅಂದ್ರೆ ಸಾಲದು, ಹೇಳಿದ್ದನ್ನ ಮಾಡಬೇಕು ಅನ್ನೋ ಪುಟ ನಿನ್ನ ಪುಸ್ತಕದಲ್ಲಿ ಹರಿದುಹೋಗಿದೆಯಾ?"

"ನಾನು ಬರ್ತೀನಿ ಬಿಡು," ಎಂದು ಅತ್ತಿಗೆ ಎದ್ದರು.

"ನೀವು ಕೂತ್ಕೊಳ್ಳಿ ಅತ್ತಿಗೆ. ಅಮ್ಮ ಹೆತ್ತಿದ್ದು ಇವನನ್ನ."

ಅತಿಯಾಯಿತೇನೋ ಎಂದು ನನಗೇ ಅಳುಕಾಯಿತು. ಆದರೂ ಅಮ್ಮನೂ ನಾನೂ ಇರುವ ಮನೆಯ ಕೀಲಿಯನ್ನು ಅವನ ತೆರೆದ ಪುಸ್ತಕದ ಮೇಲೆ ಕುಕ್ಕಿದೆ.

ಅಣ್ಣ ಅದನ್ನು ನಿಧಾನವಾಗಿ ಎತ್ತಿಕೊಂಡ. "ಎಷ್ಟು ಗಂಟೆಗೆ ಬರಲಿ?"

"ಏಳಕ್ಕೆ. ಪ್ರಾರ್ಥನೆ ನಿನ್ನ ಮನೇಲೇ ಮುಗಿಸ್ಕೊಂಡು ಬಾ. ಅಲ್ಲಿ ನಿಂಗೆ ಪುರುಸೊತ್ತು ಸಿಗಲ್ಲ."