ದಂಡಿನ ವೈದ್ಯರ ಅನ್ನ

ಆ ಒಂದು ಪುಟ ಬಿಟ್ಟುಬಿಟ್ಟರೆ ಏನಾದೀತು? ಸುಳ್ಳು ಹೇಳಿದಂತೇನೂ ಆಗುವುದಿಲ್ಲ. ಶ್ರಾದ್ಧದ ಮನೆಯಲ್ಲಿ ಸತ್ತವರ ತಪ್ಪನ್ನು ಯಾರಾದರೂ ಎತ್ತಿ ಆಡುತ್ತಾರೆಯೇ? ಆದರೆ ಬಿಟ್ಟರೆ, ಕಾಲು ಊದಿ, ಏದುಸಿರು ಬಿಡುತ್ತಾ ಸತ್ತ ಆ ಸಿಪಾಯಿಗಳ ಕೈಯನ್ನು ತಾನೂ ಬಿಟ್ಟಂತೆ. ಜಪಾನಿನ ಸೈಜೊ ಸ್ಟೇಷನ್ನಿನಲ್ಲಿ ಇಳಿದು ಕುನಿಶಿಗೆ ಸಾನ್ ಎಂಬ ವೃದ್ಧೆಯ ಮನೆಯತ್ತ ಹೊರಟಿದ್ದ ಸುಪ್ರೀತನಿಗೆ ಒಂದೊಂದು ಹೆಜ್ಜೆಗೂ ಮನಸ್ಸು ಬದಲಾಗುತ್ತಿತ್ತು.

ಅವನು ಹಿರೋಷಿಮಾದಲ್ಲಿ ಸೇನಾ ವೈದ್ಯಕೀಯದ ಇತಿಹಾಸ ಓದುತ್ತಿದ್ದ. ಎಂಬತ್ತು ದಾಟಿದ ಕುನಿಶಿಗೆ ಸಾನ್‌ಗೆ ಅದು ಹೇಗೋ ತಿಳಿದು, ತಮ್ಮ ತಾತ ಗೆನ್ಸಾಕು ಅವರ ಬಗ್ಗೆ ನಾಲ್ಕು ಪುಟ ಬರೆದುಕೊಡಲು ಕೇಳಿದ್ದರು. ಮುಂದಿನ ಭಾನುವಾರ ನೂರನೆಯ ವರ್ಷದ ಶ್ರಾದ್ಧ. ಪುರೋಹಿತರ ಮಂತ್ರ ಮುಗಿದ ಮೇಲೆ ಬಂಧುಗಳ ಮುಂದೆ ಅದನ್ನು ಓದಬೇಕು. ಅದಕ್ಕೂ ಮೊದಲು ತಮಗೊಮ್ಮೆ ಓದಿ ಕೇಳಿಸಲೆಂದು ಇಂದು ಕರೆದಿದ್ದರು.

ಮೂರು ಪುಟ ಸಲೀಸಾಗಿ ಬಂದಿತ್ತು. ಗೆನ್ಸಾಕು ಬಡ ಗೇಣಿದಾರನ ಮಗ. ಭತ್ತ ಬೆಳೆದರೂ ಧಣಿಗೆ ಅಳೆದುಕೊಟ್ಟು ಬಾರ್ಲಿ ಗಂಜಿ ಕುಡಿಯುತ್ತಿದ್ದ ಮನೆ. ಊರ ವೈದ್ಯರ ಬಳಿ ಗಿಡಮೂಲಿಕೆ ಅರೆಯುತ್ತಾ ಕಲಿತು, ದಂಡು ಸೇರಿ, ದೇಶದೊಳಗೇ ಎದ್ದ ದಂಗೆಯೊಂದರಲ್ಲಿ ಗುಂಡು ತಿಂದವರ ಕೈಕಾಲು ಕತ್ತರಿಸಿ ಬದುಕಿಸಿದವರು. ಕತ್ತರಿಸುವ ಮುನ್ನ ಗಾಯಾಳುವಿನ ತಾಯಿಯ ಹೆಸರು ಕೇಳುತ್ತಿದ್ದರಂತೆ.

ತೊಡಕಿದ್ದುದು ನಾಲ್ಕನೆಯ ಪುಟದಲ್ಲಿ. ಚೀನಾ ಮೇಲಿನ ಯುದ್ಧಕ್ಕೆ ಹಿರೋಷಿಮಾದ ಬಂದರಿನಿಂದ ಹಡಗುಗಳು ಹೊರಟಾಗ, ಅಕ್ಕಿಗೆ ಬಾರ್ಲಿ ಬೆರೆಸಿ ಎಂದು ಕಿರಿಯ ವೈದ್ಯನೊಬ್ಬ ಬೇಡಿಕೊಂಡ. ಬರೀ ಬಿಳಿ ಅನ್ನ ಉಣ್ಣುವವರಿಗೆ ಬರುವ ಬೆರಿಬೆರಿ ರೋಗವನ್ನು ನೌಕಾಪಡೆಯವರು ಹಾಗೆ ಮಾಡಿಯೇ ತಡೆದಿದ್ದರು. ತುಕಡಿಯ ಹಿರಿಯ ವೈದ್ಯರಾಗಿದ್ದ ಗೆನ್ಸಾಕು ಒಪ್ಪಲಿಲ್ಲ. ಸಾಯಲು ಹೋಗುವ ಹುಡುಗರಿಗೆ ಬಡವರ ಊಟ ಹಾಕಲಾರೆ ಎಂದುಬಿಟ್ಟರು. ಅವರ ತುಕಡಿಯಲ್ಲಿ ಗುಂಡಿಗಿಂತ ಬೆರಿಬೆರಿಗೆ ಸತ್ತವರೇ ಹೆಚ್ಚು.

ಸುಪ್ರೀತನಿಗೆ ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಅದೇ ಕಷ್ಟ. ಕುಣಿಗಲ್ಲಿನ ಅವನ ಅಜ್ಜಿಯೂ ಮನೆಯವರಿಗೆ ಮುದ್ದೆ ತಿರುವಿ, ನೆಂಟರು ಬಂದರೆ ಮಾತ್ರ ಅಕ್ಕಿ ತೊಳೆಯುತ್ತಿದ್ದಳು. ಅಳಿಯನಿಗೆ ಮುದ್ದೆ ಇಟ್ಟರೆ ಮಾನ ಹೋದಂತೆ. ಪ್ರೀತಿಯೆಂದರೆ ಬಿಳಿಯ ಅನ್ನ ಎಂದು ನಂಬಿದವರನ್ನು ಅವನು ಬಲ್ಲ.

ಹೆಂಡತಿ ವರ್ಷಿಣಿ ಬೆಳಿಗ್ಗೆಯೇ ಎಚ್ಚರಿಸಿದ್ದಳು. "ಅಷ್ಟು ವಯಸ್ಸಾದೋರ ಮುಂದೆ ಕೂತ್ಕೊಂಡು, ನಿಮ್ಮ ತಾತ ಅನ್ನ ಹಾಕಿ ಸಾಯಿಸಿದ್ರು ಅಂತೀಯೇನೋ? ಥೀಸಿಸ್‌ನಲ್ಲಿ ಬರ್ಕೋ. ಅಲ್ಲಿ ಸುಮ್ನೆ ಟೀ ಕುಡಿದು ಬಾ."

ಕುನಿಶಿಗೆ ಸಾನ್ ದೇವರಗೂಡಿನಂಥ ಪುಟ್ಟ ಪೀಠದ ಮುಂದೆ ಅವನನ್ನು ಕೂರಿಸಿದರು. ತಾತನ ಫೋಟೋದ ಎದುರು, ದಿನವೂ ಇಡುವಂತೆ, ಹಬೆಯಾಡುವ ಬಿಳಿ ಅನ್ನದ ಬಟ್ಟಲು. ಆ ಬಟ್ಟಲನ್ನು ನೋಡುತ್ತಲೇ ಅವನು ಓದತೊಡಗಿದ. ಮೂರು ಪುಟ ಮುಗಿಸಿ ಹಾಳೆಗಳನ್ನು ಮಡಚಿದ.

"ಇನ್ನೊಂದು ಹಾಳೆ ಇದೆಯಲ್ಲ, ಸುಪ್ರೀತ್ ಸಾನ್," ಎಂದರು ಮುದುಕಿ. "ನನ್ನ ಕಿವಿ ಮಂದ. ಕಣ್ಣು ಚೆನ್ನಾಗಿದೆ."

ಅವನು ಬಿಡಿಸಿದ. ಬಂದರು, ಬಾರ್ಲಿ, ಬೆರಿಬೆರಿ, ಸತ್ತ ಹುಡುಗರು, ಎಲ್ಲವನ್ನೂ ತಲೆಯೆತ್ತದೆ ಓದಿದ. ಕ್ಷಮೆ ಕೇಳಲು ಅವನು ಬಾಯಿ ತೆರೆದಾಗ ಆಕೆ ಕೈಯೆತ್ತಿ ತಡೆದರು. ನಂತರ ತಮ್ಮ ತಾಯಿಯ ಮಾತು ತೆಗೆದರು.

ತಾಯಿ ಈ ಮನೆಗೆ ಸೊಸೆಯಾಗಿ ಬಂದಾಗ ಮಾವ ಗೆನ್ಸಾಕುವಿಗೆ ಒಲೆಯ ಮೇಲೆ ಬೇರೆಯೇ ಪಾತ್ರೆ ಇತ್ತಂತೆ. ಅದರಲ್ಲಿ ಬರೀ ಬಾರ್ಲಿ, ದಂಡಿನಿಂದ ಮರಳಿದಂದಿನಿಂದಲೂ ಅದೇ. ಹೊಸ ವರ್ಷದ ಹಬ್ಬದಂದೂ ಒಂದು ತುತ್ತು ಅನ್ನ ಮುಟ್ಟುತ್ತಿರಲಿಲ್ಲ. ದೊಡ್ಡ ಡಾಕ್ಟರನ್ನು ಸೊಸೆ ಉಪವಾಸ ಕೆಡವುತ್ತಾಳೆ ಎಂದು ಓಣಿಯವರು ಆಡಿಕೊಂಡಾರೆಂಬ ಹೆದರಿಕೆಗೆ, ಯಾರಾದರೂ ಬಂದರೆ ಆಕೆ ಆ ಪಾತ್ರೆಯನ್ನು ಬಚ್ಚಿಡುತ್ತಿದ್ದಳು. ಯಾಕೆ ಮಾವ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದಳು. ಹಲ್ಲಿಗೆ ಒಳ್ಳೆಯದು ಎಂದರಂತೆ. ಆಗ ಅವರ ಬಾಯಲ್ಲಿ ಇದ್ದದ್ದೇ ನಾಲ್ಕು ಹಲ್ಲು.

"ತಾತ ಹೋದ ಮಾರನೆಯ ದಿನವೇ ಅಮ್ಮ ಇಲ್ಲಿ ಬಿಳಿ ಅನ್ನ ಇಟ್ಟಳು. ಇನ್ನಾದರೂ ಹೊಟ್ಟೆ ತುಂಬ ತಿನ್ನಲಿ ಅಂತ," ಎಂದು ಕುನಿಶಿಗೆ ಸಾನ್ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. "ನೂರು ವರ್ಷ ಪಾಪ, ಬೇಡ ಅನ್ನಲೂ ಆಗದೆ ಕೂತಿದ್ದಾರೆ. ಭಾನುವಾರ ನಾಲ್ಕೂ ಹಾಳೆ ಓದಿ. ಬಾರ್ಲಿಯ ಮಾತನ್ನೂ ಸೇರಿಸಿ."

ಸುಪ್ರೀತ ಪೆನ್ನು ತೆಗೆದು ಅಲ್ಲೇ ಕುಳಿತು ಕೊನೆಯ ಸಾಲುಗಳನ್ನು ಬರೆದ. ಗೆನ್ಸಾಕು ದಂಡಿನಿಂದ ಮರಳಿದ ಮೇಲೆ ಸಾಯುವವರೆಗೂ ಬಾರ್ಲಿಯನ್ನೇ ಉಂಡರು. ಅನ್ನ ಹಾಕಿ ತಪ್ಪು ಮಾಡಿದೆ ಎಂದು ಮಾತ್ರ ಅವರು ಯಾರಿಗೂ, ಎಂದೂ ಹೇಳಲಿಲ್ಲ.