ಅಣ್ಣನ ಹದಿನಾರು ಎತ್ತರ

“ಗ್ರಾಹಕರ ಗಮನಕ್ಕೆ” ಎಂದು ದಿನಕ್ಕೆ ಎಂಬತ್ತು ಸಲ ಹೇಳುವುದು ನನ್ನ ಕೆಲಸ. ಮೂರು ಮಹಡಿಯ ಅಂಗಡಿ. ಮೆಟ್ಟಿಲ ಕೆಳಗೆ ಬೀರುವಿನಷ್ಟೇ ದೊಡ್ಡ ಕೋಣೆ. ಅದರೊಳಗೆ ಒಂದು ಮೈಕು, ಒಂದು ಕುರ್ಚಿ, ನಾನು. ಎರಡನೇ ಮಹಡಿಯ ಉಡುಗೊರೆ ವಿಭಾಗಕ್ಕೆ ನನ್ನ ಸ್ವಂತ ಅಣ್ಣನೇ ಮ್ಯಾನೇಜರ್. ಮನೆಯಲ್ಲಿ ಅವನು ‘ಅಣ್ಣ’, ಇಲ್ಲಿ ‘ಸರ್’. ಅವನು ಪ್ರತಿ ಮಾತಿನ ಬಾಲಕ್ಕೂ ಒಂದು ‘ಆಯ್ತಾ?’ ಅಂಟಿಸುತ್ತಾನೆ, ಪೊಟ್ಟಣಕ್ಕೆ ಟೇಪು ಅಂಟಿಸಿದ ಹಾಗೆ. ಅದನ್ನು ನಾನು ಅನುಕರಿಸಿದರೆ ಅತ್ತಿಗೆಯೇ ಒಳಗಿನಿಂದ “ಬಂದ್ರಾ?” ಎಂದು ಕೇಳಿದ್ದುಂಟು. ಮನೆಮಂದಿಯೆಲ್ಲ ನನ್ನನ್ನು ಗಿಣಿ ಎನ್ನುವುದು ಸುಮ್ಮನೆ ಅಲ್ಲ.

ಕ್ರಿಸ್‌ಮಸ್ಸಿನ ಹಿಂದಿನ ದಿನ, ಮಧ್ಯಾಹ್ನ. ಪ್ರಕಟಣೆಗಳ ಪಟ್ಟಿಗೆ ಸಹಿ ಹಾಕಿಸಲು ಮೇಲೆ ಹೋದೆ. ಕೌಂಟರಿನ ಮೇಲೆ ಸುತ್ತಿಟ್ಟ ಪೊಟ್ಟಣಗಳ ಗುಡ್ಡೆ. ಎಲ್ಲಕ್ಕಿಂತ ಮೇಲಿನದಕ್ಕೆ ಹಸಿರು ಕಾರ್ಡುರಾಯ್ ಬಟ್ಟೆಯ ತೆಳು ಪಟ್ಟಿಯನ್ನು ಚಿಟ್ಟೆಯ ಹಾಗೆ ಕಟ್ಟಿದ್ದರು. ಚಿಟ್ಟೆಯ ಒಂದು ರೆಕ್ಕೆಯ ತುದಿಯಲ್ಲಿ ಬಿಳಿ ನೂಲಿನ ಪುಟ್ಟ ಗಂಟುಗಳು. ಎಣಿಸಿದೆ. ಒಂಬತ್ತು.

ಎಣಿಸುವ ಅಗತ್ಯವಿರಲಿಲ್ಲ. ಅದು ಅಣ್ಣನ ಒಂಬತ್ತನೇ ವರ್ಷ.

ನಮ್ಮ ಅಮ್ಮ ದರ್ಜಿ. ನಾವು ಚಿಕ್ಕವರಿದ್ದಾಗ ಪ್ರತಿ ಕ್ರಿಸ್‌ಮಸ್ಸಿಗೂ ಅವಳೇ ಹೊಸ ಬಟ್ಟೆ ಹೊಲಿಯುತ್ತಿದ್ದಳು. ಹಿಂದಿನ ಸಂಜೆ ನಮ್ಮನ್ನು ಬರಿಗಾಲಲ್ಲಿ ಬಾಗಿಲ ಚೌಕಟ್ಟಿಗೆ ಒರಗಿಸಿ, ತಲೆಯ ಮೇಲೆ ಪುಸ್ತಕವಿಟ್ಟು, ಅದೇ ಬಟ್ಟೆಯ ಮಿಕ್ಕ ತುಂಡಿನಿಂದ ನೆತ್ತಿಯಿಂದ ಹಿಮ್ಮಡಿಯವರೆಗೆ ಬೆರಳಗಲದ ಪಟ್ಟಿ ಕತ್ತರಿಸುತ್ತಿದ್ದಳು. ತುದಿಗೆ ವಯಸ್ಸಿನಷ್ಟು ಗಂಟು. ಸುರುಳಿ ಸುತ್ತಿ ಕ್ರಿಸ್‌ಮಸ್ ಗಿಡಕ್ಕೆ ನೇತುಹಾಕಿದರೆ ಹಬ್ಬ ಶುರು. ನಮ್ಮ ಗಿಡದಲ್ಲಿ ಗಾಜಿನ ಚೆಂಡು ಇರಲಿಲ್ಲ, ನಾವಿದ್ದೆವು. ಅಣ್ಣನವು ಹದಿನಾರು ಪಟ್ಟಿ, ನನ್ನವು ಹದಿನಾರು. ಅವನ ಮೊದಲನೇ ಪಟ್ಟಿಗೆ, ನಿಲ್ಲಲು ಬಾರದ ಅವನನ್ನು ಅಪ್ಪ ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದ್ದರಂತೆ. ಆಮೇಲೆ ಅಳತೆ ಸಾಕಾಯಿತು, ಸುರುಳಿಗಳು ಎರಡು ಬೂಟಿನ ಡಬ್ಬಿ ಸೇರಿದವು. ವರ್ಷಕ್ಕೊಮ್ಮೆ ಅಟ್ಟದಿಂದ ಇಳಿದು ಗಿಡ ಹತ್ತುತ್ತವೆ.

ಮೂರು ವರ್ಷದ ಹಿಂದೆ ಅಮ್ಮನ ಕಣ್ಣು ಪೂರ್ತಿ ಹೋಯಿತು. ಫೋಟೋಗಳು ಅವಳ ಪಾಲಿಗೆ ಬರೀ ನುಣುಪು ಕಾಗದವಾದವು. ಉಳಿದದ್ದು ಆ ಎರಡು ಡಬ್ಬಿ. ಒಂದು ಸುರುಳಿ ಬಿಚ್ಚಿ ಬೆರಳಲ್ಲಿ ಹರಿಸುತ್ತಾಳೆ, ಗಂಟು ಎಣಿಸುತ್ತಾಳೆ. “ಇದು ಗಿಣಿ, ಏಳು. ಮುಂದಿನ ಹಲ್ಲಿಲ್ಲ. ಇಷ್ಟೇ ಇದ್ದೆ ನೋಡು,” ಎಂದು ಗಾಳಿಯಲ್ಲಿ ನನ್ನ ತಲೆ ಸವರುತ್ತಾಳೆ. ಸರಿಯಾಗಿ ಆ ಎತ್ತರದಲ್ಲಿ.

ಕಳೆದ ಭಾನುವಾರ ಅಟ್ಟದಿಂದ ಗಿಡ ಇಳಿಸಲು ಬಂದ ಅಣ್ಣ, “ನನ್ನ ಡಬ್ಬಿ ಮೂಲೆ ಹರಿದಿದೆ, ಅಂಗಡಿಯಿಂದ ಒಳ್ಳೇ ಡಬ್ಬಿಗೆ ಹಾಕಿ ತರ್ತೀನಿ” ಎಂದು ಒಯ್ದಿದ್ದ. ನಲವತ್ತನಾಲ್ಕಕ್ಕಾದರೂ ಬುದ್ಧಿ ಬಂತಲ್ಲ ಅಂದುಕೊಂಡಿದ್ದೆ.

“ಸರ್,” ಎಂದೆ, “ಇದ್ಯಾವ ರಿಬ್ಬನ್ನು ಸರ್?”

“ರಿಬ್ಬನ್ ಬೆಳಿಗ್ಗೇನೇ ಖಾಲಿ. ಲಾರಿ ಬಂದಿಲ್ಲ, ಆಯ್ತಾ? ಹಳೇಕಾಲದ ಬಟ್ಟೆ ರಿಬ್ಬನ್ ಅಂತ ಇಟ್ವಿ. ಜನ ಮುಗಿಬೀಳ್ತಿದಾರೆ.”

“ಅಣ್ಣ, ಇದ್ರಲ್ಲಿ ಒಂಬತ್ತು ಗಂಟಿದೆ.”

ಅವನು ತಲೆಯೆತ್ತಲಿಲ್ಲ. “ನಿಂದು ಒಂದೂ ಮುಟ್ಟಿಲ್ಲ ಕಣೆ. ನಂದು ಮಾತ್ರ. ನನ್ನ ಪಟ್ಟಿ, ನನ್ನಿಷ್ಟ.”

“ನಿಂದಾ? ನೀನೇನು ಮಾಡಿದ್ದೆ ಅದಕ್ಕೆ? ಬಾಗಿಲಿಗೆ ಒರಗಿ ನಿಂತಿದ್ದೆ! ಅಳೆದಿದ್ದು ಅಮ್ಮ, ಕತ್ತರಿಸಿದ್ದು ಅಮ್ಮ, ಗಂಟು ಹಾಕಿದ್ದು ಅಮ್ಮ. ನೀನು ಬರೀ ಬೆಳೆದೆ. ಹುಲ್ಲೂ ಬೆಳೆಯತ್ತೆ.”

“ಮೆತ್ತಗೆ. ಗ್ರಾಹಕರಿದಾರೆ.”

“ಸಂಜೆ ಅಮ್ಮ ಡಬ್ಬಿ ಕೇಳ್ತಾಳೆ. ಏನು ಕೊಡ್ತೀಯ?”

“ಅದಕ್ಕೇನಂತೆ? ಲಾರಿ ಬಂದ್ಮೇಲೆ ಹೊಸ ಸ್ಯಾಟಿನ್‌ನಲ್ಲಿ ಹದಿನಾರು ಸುರುಳಿ ಕಟ್ ಮಾಡಿ ಇಡ್ತೀನಿ. ಅವಳಿಗೆಲ್ಲಿ ಕಾಣತ್ತೆ?”

ಪೊಟ್ಟಣ ಸುತ್ತುತ್ತಿದ್ದ ಹೆಂಗಸಿನ ಕೈಯಲ್ಲಿ ಟೇಪು ನಿಂತುಹೋಯಿತು. ನನ್ನ ಕಿವಿಯ ಬುಡ ಸುಟ್ಟಿತು.

“ಉದ್ದ ಎಷ್ಟಿರ್ಲಿ, ಹೇಳು,” ಎಂದ ಅಣ್ಣ. “ಒಂಬತ್ತಕ್ಕೆ ಎಷ್ಟು? ಹತ್ತಕ್ಕೆ ಎಷ್ಟು?”

ಯಾರಿಗೆ ಗೊತ್ತು? ನಾವು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆ ಅಳತೆ ಇದ್ದದ್ದು ಆ ಪಟ್ಟಿಗಳಲ್ಲಿ ಮಾತ್ರ. ಅದನ್ನು ಈ ಮಹಾನುಭಾವ ಯಾರದೋ ಮನೆಯ ಕಾಫಿ ಲೋಟಗಳಿಗೆ ಸುತ್ತಿ ಕಳಿಸಿದ್ದ. ಒಂದೊಂದು ಪಟ್ಟಿ ಎರಡು ಮೂರು ತುಂಡು. ಮ್ಯಾನೇಜರ್ ಅಂತೆ, ಮಾನ ಜಾರಿದವನು!

ಹಸಿರು ಪಟ್ಟಿ ಬಿಚ್ಚಿಕೊಂಡು ಕೆಳಗಿಳಿದೆ. ಕೋಣೆಯ ಚಿಲಕ ಹಾಕಿದೆ. ಗಂಟಲು ಸರಿಮಾಡಿಕೊಂಡೆ, ಅವನ ಗಂಟಲನ್ನು.

“ಗ್ರಾಹಕರ ಗಮನಕ್ಕೆ. ನಾನು ಉಡುಗೊರೆ ವಿಭಾಗದ ಮ್ಯಾನೇಜರ್ ಮಾತಾಡ್ತಿರೋದು, ಆಯ್ತಾ? ಇವತ್ತು ಬಟ್ಟೆ ಪಟ್ಟಿ ಕಟ್ಟಿದ ಪೊಟ್ಟಣ ತಗೊಂಡಿರೋರು ದಯವಿಟ್ಟು ಆ ಪಟ್ಟಿ ಬಿಚ್ಚಿ ಮೆಟ್ಟಿಲ ಕೆಳಗಿನ ಕೋಣೆಗೆ ತಂದುಕೊಡಿ. ಅವು ನಮ್ಮಮ್ಮ ನನ್ನ ಎತ್ತರ ಅಳೆದಿಟ್ಟಿದ್ದ ಪಟ್ಟಿಗಳು. ಅವಳಿಗೆ ಕಣ್ಣು ಕಾಣಲ್ಲ ಅಂತ ಧೈರ್ಯವಾಗಿ ಕದ್ದು ತಂದು ಕತ್ತರಿ ಹಾಕಿದೀನಿ. ನಾನೊಬ್ಬ ಕತ್ತೆ, ಆಯ್ತಾ?”

ಎರಡನೇ ಸಲ ಹೇಳುವಷ್ಟರಲ್ಲಿ ಅಣ್ಣ ಬಂದು ಬಾಗಿಲು ಬಡಿದ. “ತೆಗಿಯೇ! ಗಿಣಿ, ತೆಗಿ ಬಾಗಿಲು!”

“ತೆಗಿಯಲ್ಲ, ಆಯ್ತಾ?” ಎಂದೆ, ಮೈಕಿನಲ್ಲಿ, ಅವನದೇ ದನಿಯಲ್ಲಿ. ಮೂರು ಮಹಡಿಯಲ್ಲೂ ಒಬ್ಬ ಮ್ಯಾನೇಜರ್ ಒಳಗಿನಿಂದ, ಇನ್ನೊಬ್ಬ ಹೊರಗಿನಿಂದ ಕೇಳಿಸಿದ. ಜನ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮಿಬ್ಬರ ಪಾಳಿ ಮುಗಿಯುವವರೆಗೆ ಜನ ಬಂದರು. ಎಳೆಮಗುವನ್ನು ಎತ್ತಿಕೊಂಡಿದ್ದ ಒಬ್ಬಾಕೆ, ಹಲ್ಲಲ್ಲಿ ಗಂಟು ಬಿಡಿಸಿದ ಒಬ್ಬರು ಮುದುಕರು. “ಬೈದು ಹೇಳಿ ನಿಮ್ಮ ಮ್ಯಾನೇಜರಿಗೆ,” ಎಂದು ಅವರು ಪಟ್ಟಿಯನ್ನು ಮಡಿಸಿ ನನ್ನ ಅಂಗೈಯಲ್ಲಿಟ್ಟರು. ನಲವತ್ತು ತುಂಡುಗಳಲ್ಲಿ ಇಪ್ಪತ್ತೆರಡು ಸಿಕ್ಕವು. ಉಳಿದವು ಯಾವ್ಯಾವ ಊರಿನ ಕಸದ ಬುಟ್ಟಿಗೋ. ಹಬ್ಬ ಕಳೆದ ಮೇಲೆ ದೊಡ್ಡ ಸಾಹೇಬರನ್ನು ಕಾಣಬೇಕೆಂಬ ಚೀಟಿಯೂ ನನಗೆ ಸಿಕ್ಕಿತು. ತುಂಡುಗಳ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡೆ.

ಸಂಜೆ ಐದಕ್ಕೆ ಮನೆ. ಅಮ್ಮ ಗಿಡದ ಪಕ್ಕದ ಕುರ್ಚಿಯಲ್ಲಿ ಕಾದು ಕೂತಿದ್ದಳು. ನನ್ನ ಡಬ್ಬಿ ಮುಗಿಯಿತು. ನನ್ನ ಹದಿನಾರೂ ಗಿಡ ಹತ್ತಿದವು. “ಈಗ ನನ್ನ ದೊಡ್ಡದು,” ಎಂದು ಕೈ ಚಾಚಿದಳು. ಅಣ್ಣ, ನಾಚಿಕೆಗೆಟ್ಟವನು, ಹೊಸ ಡಬ್ಬಿ ತೆಗೆದು ಅವಳ ತೊಡೆಯ ಮೇಲಿಟ್ಟ. ಅಂಗಡಿಯ ಕೆಂಪು ಕೋಟು ಇನ್ನೂ ಮೈಮೇಲಿತ್ತು.

ಅಮ್ಮ ಒಂದು ಸುರುಳಿ ಬಿಚ್ಚಿದಳು. ಸ್ಯಾಟಿನ್ ಬೆರಳಿಂದ ಜಾರಿತು. ಇನ್ನೊಂದು ಬಿಚ್ಚಿದಳು. ಎರಡನ್ನೂ ಜೋಡಿಸಿ ತುದಿಗೆ ತುದಿ ಹಿಡಿದಳು. ಎರಡೂ ಸಮ.

“ಇದು ಯಾರ ಮಗು?” ಎಂದಳು.

ನಾನು ಚೀಲವನ್ನು ಅವಳ ತೊಡೆಯ ಮೇಲೆ ಸುರಿದೆ. ಅಮ್ಮ ಒಂದೊಂದೇ ತುಂಡಿನ ತುದಿ ಮುಟ್ಟಿದಳು.

“ಈ ಕತ್ತರಿ ನಂದಲ್ಲ. ಬಾಯಿ ಮೊಂಡಾಗಿದೆ.”

“ಅಂಗಡೀಲಿ ರಿಬ್ಬನ್ ಖಾಲಿಯಾಗಿತ್ತಮ್ಮ…”

“ನಂಗೆ ಕಣ್ಣೇ ಖಾಲಿಯಾಗಿದೆ. ನಾನು ಯಾರ ಮುಖದಿಂದಾದ್ರೂ ಕಿತ್ಕೊಂಡು ಬಂದ್ನೇನೋ?”

“ಅಮ್ಮ, ಇವಳು ಮೈಕಲ್ಲಿ ನನ್ನ ಮಾನ…”

“ಕೇಳಿಸ್ತು. ಪಕ್ಕದ ಮನೆಯೋಳು ಅಂಗಡೀಲಿದ್ದಳು, ಫೋನಲ್ಲೇ ಕೇಳಿಸಿದಳು. ಚೆನ್ನಾಗಿ ಹೇಳಿದಾಳೆ, ಒಂದು ಮಾತೂ ತಪ್ಪಿಲ್ಲ.” ಅವಳ ಕೈ ತುಂಡುಗಳಲ್ಲಿ ತಡಕಾಡುತ್ತಲೇ ಇತ್ತು. “ಒಂದು ಎಲ್ಲಿ? ಒಂದೇ ಗಂಟಿಂದು? ಬಿಳೀ ಫ್ಲಾನೆಲ್ಲು?”

ಒಂದು ಗಂಟಿನದು ಬಂದಿರಲಿಲ್ಲ. ಅಪ್ಪ ಹಿಡಿದು ನಿಲ್ಲಿಸಿದ್ದದ್ದು.

“ನಿನ್ನ ಮುಖ ಅಳಿಸಿ ಹೋಗ್ತಿದೆ ಕಣೋ ನಂಗೆ,” ಎಂದಳು ಅಮ್ಮ. ಅಳುವ ದನಿಯಲ್ಲ, ಸೂಜಿಗೆ ದಾರ ಪೋಣಿಸಿ ಕೊಡು ಎಂದು ಹೇಳುವಾಗಿನ ದನಿ. “ಇಷ್ಟುದ್ದ ಇದ್ದ ಅನ್ನೋದೊಂದು ಉಳಿದಿತ್ತು. ಅದನ್ನ ಯಾರ ಮನೆಗೆ ಕಟ್ಟಿ ಕಳಿಸ್ದೆ?”

ಅಣ್ಣ ಬಗ್ಗಿ, ಅವಳ ತೊಡೆಯ ಮೇಲಿನ ತುಂಡುಗಳಲ್ಲಿ ಬಿಳಿಯದನ್ನು ತಾನೂ ಹುಡುಕಿದ.

“ಬೂಟು ಬಿಚ್ಚು. ಬಾಗಿಲಿಗೆ ನಿಂತ್ಕೋ. ಗಿಣಿ, ಕತ್ತರಿ. ನಂದು. ನಾಳೆಗೆ ಇವನ ಹೊಸ ಬಟ್ಟೆ ಯಾವುದು?”

ಅವನ ಚೀಲದಲ್ಲಿ ಮಡಿಕೆ ಬಿಚ್ಚದ ನೀಲಿ ಅಂಗಿಯಿತ್ತು. ತೆಗೆದುಕೊಟ್ಟೆ. ಕೊಡುವಾಗ ನನಗೆ ತುಂಬ ಸುಖವಾಯಿತು, ಸುಳ್ಳು ಹೇಳುವುದಿಲ್ಲ.

“ಅಮ್ಮ, ನಾಳೆ ಚರ್ಚಿಗೆ ಏನು ಹಾಕ್ಕೊಳ್ಳಲಿ?”

“ಸ್ಯಾಟಿನ್ ಇದೆಯಲ್ಲ, ಸುತ್ಕೊಂಡು ಹೋಗು.”

ಕತ್ತರಿ ಅಂಗಿಯ ಬೆನ್ನು ಸೀಳಿತು. ಕೆಂಪು ಕೋಟಿನ ಮ್ಯಾನೇಜರ್ ಬರಿಗಾಲಲ್ಲಿ, ತಲೆಯ ಮೇಲೆ ಪುಸ್ತಕ ಹೊತ್ತು ಚೌಕಟ್ಟಿಗೆ ಒರಗಿದ. ಅಮ್ಮನಿಗೆ ಅವನ ನೆತ್ತಿ ಎಟುಕಲಿಲ್ಲ; ಕುರ್ಚಿ ಹತ್ತಿದಳು. ನಾನು ಅವಳ ಸೊಂಟ ಹಿಡಿದೆ. ನೆತ್ತಿಯಿಂದ ಹಿಮ್ಮಡಿಯವರೆಗೆ ಮೂರು ಪಟ್ಟಿ ಬೇಕಾದವು. ಒಂದಕ್ಕೊಂದು ಸೇರಿಸಿ ಹೊಲಿದು, ಸೂಜಿಯನ್ನು ಅವನ ಕೈಗೆ ತುರುಕಿದಳು.

“ನಲವತ್ತನಾಲ್ಕು ಗಂಟು. ನೀನೇ ಹಾಕು.”

ಅವನು ನೆಲದ ಮೇಲೆ ಕೂತ. ದಪ್ಪ ಬೆರಳು, ಸಣ್ಣ ಸೂಜಿ. ಎರಡು ಸಲ ಚುಚ್ಚಿಕೊಂಡ. “ಗಿಣಿ, ಇದು ಹೇಗೆ…” ಎಂದು ನನ್ನತ್ತ ನೋಡಿದ. ನಾನು ಬೇರೆ ಕಡೆ ನೋಡಿದೆ. ನನ್ನ ಸಿಟ್ಟು ಇಳಿದಿರಲಿಲ್ಲ. ಆ ಬಿಳಿ ಫ್ಲಾನೆಲ್ಲು ಇನ್ನು ಯಾವ ಗಿಡಕ್ಕೂ ಹತ್ತುವುದಿಲ್ಲ.

ಅಮ್ಮ ಅವನ ಹಿಂದೆ ನಿಂತಳು. ತುಸು ಹೊತ್ತು ಸೂಜಿಯ ಸದ್ದು ಆಲಿಸಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದಳು:

“ಆಯ್ತಾ?”

ಥೇಟ್ ಅವನದೇ ದನಿ. ನಾನು ಬೆಚ್ಚಿಬಿದ್ದೆ. ನನಗೆ ಈ ವಿದ್ಯೆ ಎಲ್ಲಿಂದ ಬಂತೆಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ.

“ಇಲ್ಲಮ್ಮ,” ಎಂದ ಅಣ್ಣ, ತಲೆ ತಗ್ಗಿಸಿ. “ಇನ್ನೂ ಒಂಬತ್ತೇ.”