ಬಿಳಿ ಪ್ಯಾಂಟಿನ ಅಂಚು

ಟೈಲರಿನ ಎಡಗಾಲಿನ ಹೆಬ್ಬೆರಳು ನೀರಿನಿಂದ ಮೇಲೆ ಬಂತು. ತಲೆ ಮುಳುಗಿತ್ತು, ಎದೆ ಮುಳುಗಿತ್ತು, ಮೂಗು ಹಿಡಿದುಕೊಂಡ ಕೈಯೂ ಮುಳುಗಿತ್ತು. ಹೆಬ್ಬೆರಳೊಂದು ಮಾತ್ರ, ಹೊರಗೆ ಯಾರ್‍ಯಾರು ಬಂದಿದ್ದಾರೆ ನೋಡೋಣ ಎಂಬಂತೆ ತೊಟ್ಟಿಯ ಆ ತುದಿಯಲ್ಲಿ ಎದ್ದು, ಮತ್ತೆ ಒಳಗೆ ಹೋಯಿತು.

ಕಿರಿಯ ಮಿಷನರಿ ಅದನ್ನು ಕಂಡ. ಕಾಣುವುದೇ ಆವತ್ತು ಅವನ ಕೆಲಸ. ಮಾರ್ಮನ್ ಎಂಬ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಮೈ ಪೂರ್ತಿ ಮುಳುಗಬೇಕು. ಒಂದು ಬೆರಳು ಹೊರಗುಳಿದರೂ ಪ್ರಾರ್ಥನೆಯನ್ನು ಮೊದಲಿನಿಂದ ಹೇಳಿ ಮತ್ತೆ ಮುಳುಗಿಸಬೇಕು. ಎದುರು ಬದಿಯಲ್ಲಿದ್ದ ಇನ್ನೊಬ್ಬ ಸಾಕ್ಷಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಕನ್ನಡಕಕ್ಕೆ ಹಾರಿದ ನೀರು ಒರೆಸಿಕೊಳ್ಳುತ್ತ ಆಗಲೇ ತಲೆಯಾಡಿಸಿಬಿಟ್ಟಿದ್ದರು.

ಸೊಂಟದ ಮಟ್ಟದ ನೀರಿನಲ್ಲಿ ಟೈಲರನ್ನು ಹಿಡಿದು ನಿಂತಿದ್ದ ಜೊತೆಗಾರ ಮಿಷನರಿ ಹುಬ್ಬು ಹಾರಿಸಿ, ಸರಿ ತಾನೇ, ಎಂದು ಕೇಳಿದ. ಅವನಿಗೆ ಮರುದಿನ ಬೇರೆ ಊರಿಗೆ ವರ್ಗ. ಐದು ತಿಂಗಳಿಂದ ಇಬ್ಬರೂ ಒಂದೇ ಇಸ್ತ್ರಿಪೆಟ್ಟಿಗೆಯಲ್ಲಿ ಬಿಳಿ ಶರ್ಟು ತಿಕ್ಕಿಕೊಂಡು, ನಿಯಮದ ಪ್ರಕಾರ ಒಬ್ಬರನ್ನೊಬ್ಬರು ಕಣ್ಣಳತೆಯಿಂದಾಚೆ ಬಿಡದೆ, ಬೀದಿ ಬೀದಿಯ ಬಾಗಿಲು ಬಡಿದಿದ್ದರು. ಒಬ್ಬ ಹೆಂಗಸು ಬಾಗಿಲ ಸಂದಿಯಿಂದಲೇ "ಫ್ಯಾನ್ ರಿಪೇರಿಯವರಾ?" ಎಂದು ಕೇಳಿ, ಅಲ್ಲ ಎಂದದ್ದಕ್ಕೆ ಬೈದಿದ್ದಳು. ಅವರ ಮುಖಕ್ಕೆ ಬಾಗಿಲು ಹಾಕದೆ ಉಳಿದದ್ದು ಟೈಲರಿನ ಅಂಗಡಿ ಒಂದೇ. ಅದಕ್ಕೂ ಕಾರಣ, ಅದರ ಷಟರು ಅರ್ಧಕ್ಕೆ ಸಿಕ್ಕಿಕೊಂಡು ಕೆಳಗಿಳಿಯುತ್ತಿರಲಿಲ್ಲ.

"ಎಲ್ಡರ್ ಅಂದ್ರೆ ಹಿರಿಯ ಅಂತಾನಾ?" ಎದೆಯ ಮೇಲಿನ ಹೆಸರಿನ ಬಿಲ್ಲೆ ಓದಿ ಟೈಲರ್ ನಕ್ಕಿದ್ದ. "ಮೀಸೆ ನೆಟ್ಟಗೆ ಬಂದಿಲ್ಲ, ಹಿರಿಯರಂತೆ! ಬನ್ನಿ ಹಿರಿಯರೇ, ಗುಂಡಿ ಹೊಲಿಯೋಕೆ ಬರುತ್ತಾ?"

ಹಾಗೆ ಕಿರಿಯ ಮಿಷನರಿ ಗುಂಡಿ ಹೊಲಿಯುತ್ತ ಪಾಠ ಮಾಡಿದ. ಎಡ ಮೊಣಕಾಲು ಬಸ್ಸಿನಡಿ ಸಿಕ್ಕಿ ಮಡಿಸಲಾರದಂತಾಗಿದ್ದ ಟೈಲರ್ ಒಂದೇ ಕಾಲಿನಲ್ಲಿ ಮಷೀನು ತುಳಿಯುತ್ತ ಕೇಳಿದ. ಗುಂಡಿ ಒಂದು ನೂಲು ಆಚೀಚೆಯಾದರೂ ಸಾಕು, "ಬಿಚ್ಚಿ ಹಿರಿಯರೇ" ಎನ್ನುತ್ತಿದ್ದ. ಹುಡುಗ ಗ್ರಂಥ ಓದುವಾಗ ತಡವರಿಸಿದರೆ ಜೊತೆಗಾರ ತಿದ್ದಲು ಬರುತ್ತಿದ್ದ. ಆಗ ಟೈಲರ್, "ಬಿಡಪ್ಪ, ಅವನು ನಿಧಾನ ಓದ್ತಾನೆ. ನನಗೆ ಆ ಸ್ಪೀಡೇ ಸರಿ" ಎನ್ನುತ್ತಿದ್ದ. ಅಂಚು ಹೊಲಿಯುತ್ತ ಮೂಲೆಯಲ್ಲಿ ಕೂತಿರುತ್ತಿದ್ದ ಹೆಂಡತಿ ತಲೆ ಎತ್ತಿದವಳೇ ಅಲ್ಲ. ಒಮ್ಮೆ ಮಾತ್ರ, ಸೂಜಿಗೆ ಹೇಳುವವಳಂತೆ ಹೇಳಿದ್ದಳು: "ಮುಳುಗೋದಿದ್ರೆ ನೀವು ಮುಳುಗಿ. ನಾನು ಒಣಗೇ ಇರ್ತೀನಿ."

ಈಗ ಆಕೆ ಕೊನೆಯ ಸಾಲಿನ ಕುರ್ಚಿಯಲ್ಲಿ ಬ್ಯಾಗನ್ನು ಎದೆಗವಚಿ ಕೂತಿದ್ದಳು. ಸಭೆಯವರು ಕೊಡುವ ಬಿಳಿ ಬಟ್ಟೆ ಒಲ್ಲೆನೆಂದು ತಾನೇ ಕತ್ತರಿಸಿದ ಪ್ಯಾಂಟು ತೊಟ್ಟು ಬಂದಿದ್ದ ಟೈಲರ್, ತೊಟ್ಟಿಗೆ ಇಳಿಯುವ ಮುಂಚೆ ಖಡಾಖಂಡಿತವಾಗಿ ಹೇಳಿದ್ದ: "ಒಂದೇ ಸಲ. ಎರಡು ಸಲ ಮುಳುಗಿಸಿದ್ರೆ ಇವಳು ಸಾಯೋವರೆಗೂ ಆಡಿಕೊಳ್ತಾಳೆ. ಎದ್ದು ಹೊರಟುಬಿಡ್ತೀನಿ."

ಕಿರಿಯ ಮಿಷನರಿ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ನಡೆಯುತ್ತೆ ಬಿಡು! ಶಾಲೆಯಲ್ಲಿ ಅಕ್ಷರ ಕೂಡಿಸಲು ಬಾರದಿದ್ದರೂ ವರ್ಷ ವರ್ಷ ಅವನನ್ನು ಮುಂದಿನ ತರಗತಿಗೆ ತಳ್ಳಿದವರು ಹೇಳಿದ್ದು ಅದನ್ನೇ. ಎಂಟನೆಯದಕ್ಕೆ ಬಂದಾಗ ಪಾಠ ಒಂದೂ ತಲೆಗೆ ಹೋಗದೆ, ಚೀಲ ಎಸೆದು ಪಂಕ್ಚರ್ ಅಂಗಡಿ ಸೇರಿದ್ದ. ಆ ಮಾತು ಕೇಳಿದರೆ ಅವನಿಗೆ ಇವತ್ತಿಗೂ ಮೈ ಉರಿಯುತ್ತದೆ.

"ಬೆರಳು ಮೇಲೆ ಬಂತು" ಎಂದ, ಗಟ್ಟಿಯಾಗಿ.

ಟೈಲರ್ ಮುಖದ ನೀರು ಒರೆಸಿಕೊಂಡು ಅವನನ್ನು ದುರುಗುಟ್ಟಿ ನೋಡಿದ. ಆದರೂ ಹಲ್ಲು ಕಚ್ಚಿ ನಿಂತ. ಮತ್ತೆ ಪ್ರಾರ್ಥನೆ, ಮತ್ತೆ ಮುಳುಗು. ಈ ಸಲ ಹೆಬ್ಬೆರಳಲ್ಲ, ಪಾದಕ್ಕೆ ಪಾದವೇ ಎದ್ದಿತು. ಕೊನೆಯ ಸಾಲಿನಿಂದ ಕಿಸಕ್ಕೆಂದ ಸದ್ದು ಬಂತು.

"ಮುಗೀತು. ಟವೆಲ್ ಕೊಡಿ" ಎಂದ ಟೈಲರ್.

"ನಡೆಯುತ್ತೆ ಬಿಡೋ" ಜೊತೆಗಾರ ಹಲ್ಲಿನ ಸಂದಿಯಲ್ಲಿ ಅಂದ. "ದೇವರೇನು ಬೆರಳು ಎಣಿಸ್ತಾನಾ?"

"ಮತ್ತೆ ನಮ್ಮಿಬ್ಬರನ್ನ ಇಲ್ಲಿ ಯಾಕೆ ನಿಲ್ಲಿಸಿದ್ದು? ಚೆಂದ ನೋಡೋಕಾ?"

ಅಷ್ಟರಲ್ಲಿ ಹುಡುಗನ ಕಣ್ಣಿಗೆ ಅದು ಬಿತ್ತು. ಟೈಲರಿನ ಎಡಗಾಲಿನ ಬಳಿ ನೀರಿನಲ್ಲಿ ಒಂದು ಗುಳ್ಳೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಸಾವಿರ ಟ್ಯೂಬುಗಳನ್ನು ನೀರಿನಲ್ಲಿ ಅದುಮಿ ನೋಡಿದ ಕಣ್ಣು ಅದು. ಮಂಡಿಯೂರಿ ಬಗ್ಗಿದ.

"ಯಜಮಾನ್ರೇ, ಕಾಲಿನ ತಪ್ಪಲ್ಲ ಇದು. ಗಾಳಿ. ಪ್ಯಾಂಟಿನ ಅಂಚು ಬಿಗಿಯಾಗಿದೆ. ನಿಂತಿದ್ದಾಗ ತೊಡೆ ಹತ್ರ ಇರೋ ಗಾಳಿ, ಮಲಗಿಸಿದ ಕೂಡಲೇ ಪಾದಕ್ಕೆ ಓಡುತ್ತೆ. ಆಚೆ ಹೋಗೋಕೆ ದಾರಿ ಇಲ್ಲ, ಕಾಲನ್ನೇ ಎತ್ತುತ್ತೆ. ಅಂಚು ಬಿಚ್ಚಬೇಕು."

"ನನ್ನ ಹೊಲಿಗೆಗೆ ಹೆಸರಿಡ್ತೀಯಾ?" ಟೈಲರಿನ ದನಿ ಟೈಲ್ಸಿಗೆ ಬಡಿದು ಮೊಳಗಿತು. "ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿ ಬಿಚ್ಚಿಸಿಲ್ಲ!"

"ಇಡ್ತೀನಿ. ನನ್ನ ಹತ್ರ ಒಂದೇ ಗುಂಡಿ ಏಳು ಸಲ ಬಿಚ್ಚಿಸಿಲ್ವಾ ನೀವು? ಆಗ ಎದ್ದು ಹೋದ್ನಾ ನಾನು?"

ಮೇಷ್ಟ್ರು ಕೆಮ್ಮಿದರು.

"ಅಂಚು ಅವರದ್ದಲ್ಲ" ಎಂದಿತು ಹಿಂದಿನಿಂದ ಒಂದು ದನಿ. ಹೆಂಡತಿ ಎದ್ದು ನಿಂತಿದ್ದಳು. "ನಾನು ಹೊಲಿದಿದ್ದು."

"ಅಷ್ಟು ಬಿಗಿಯಾಗಿ ಯಾಕೆ ಹೊಲಿದೆ?" ಟೈಲರ್ ತಿರುಗಿದ.

ಆಕೆ ಗೋಡೆಯ ಕಡೆ ನೋಡುತ್ತ ಹೇಳಿದಳು: "ನೀರಲ್ಲಿ ಪ್ಯಾಂಟು ಮೇಲೇರಿದ್ರೆ ಆ ಕಾಲು ಎಲ್ಲರಿಗೂ ಕಾಣ್ತಿತ್ತಲ್ಲ."

ಟೈಲರ್ ಕಂಬಿ ಹಿಡಿದು ಮೇಲಿನ ಮೆಟ್ಟಿಲಿಗೆ ಬಂದು ಕೂತ. ಎಡಗಾಲು ನೆಟ್ಟಗೆ ಮುಂದಕ್ಕೆ ಚಾಚಿಕೊಂಡಿತ್ತು. ಹೆಂಡತಿ ಬ್ಯಾಗು ಕೆಳಗಿಟ್ಟು, ಚಪ್ಪಲಿ ಬಿಟ್ಟು ಬಂದಳು. ನೀರಿದ್ದ ಮೆಟ್ಟಿಲ ಮೇಲೆಯೇ ಕೂತಳು.

"ಕತ್ತರಿ ತಂದಿಲ್ಲ. ಅಲ್ಲಾಡಬೇಡಿ" ಎಂದವಳೇ ಅವನ ಪಾದವನ್ನು ತೊಡೆಯ ಮೇಲೆಳೆದುಕೊಂಡು, ಬಗ್ಗಿ, ಅಂಚಿನ ದಾರವನ್ನು ಹಲ್ಲಿನಿಂದ ಕಡಿದಳು. ದಾರ ಸರ್ರನೆ ಬಿಚ್ಚಿಕೊಂಡು ಬಂತು. ಬಟ್ಟೆ ಸರಿದು ಹಳೆಯ ಗಾಯದ ಕಲೆ ಕಂಡಾಗ ಅದರ ಮೇಲೆ ಅಂಗೈ ಇಟ್ಟಳು. ಆಮೇಲೆ ಕಿರಿಯ ಮಿಷನರಿಯನ್ನು ಕೇಳಿದಳು, ಐದು ತಿಂಗಳಲ್ಲಿ ಮೊದಲ ಸಲ: "ಇನ್ನೊಂದೂ ಬಿಚ್ಚಬೇಕೇನಪ್ಪಾ?"

"ಬೇಡಮ್ಮ. ಆ ಕಾಲು ಮಡಿಸ್ತಾರೆ, ಮೇಲೇಳಲ್ಲ."

ಟೈಲರ್ ಕಂಬಿ ಹಿಡಿದು ಮತ್ತೆ ನೀರಿಗಿಳಿದ. ಜೊತೆಗಾರ ಮತ್ತೆ ಕೈ ಎತ್ತಿ ಪ್ರಾರ್ಥನೆ ಹೇಳಿದ. ಈ ಸಲ ಅವಸರವಿಲ್ಲದೆ, ಒಂದೊಂದೇ ಮಾತು. ಟೈಲರ್ ಮೂಗು ಹಿಡಿದುಕೊಂಡ. ನೀರು ಅವನ ಮೇಲೆ ಕೂಡಿಕೊಂಡಿತು. ಬಿಚ್ಚಿದ ಅಂಚಿನಿಂದ ಗುಳ್ಳೆಗಳು ಬುಳಬುಳನೆ ಎದ್ದವು, ಕಡಿಮೆಯಾದವು, ಒಂದೊಂದಾದವು, ನಿಂತವು. ಕಿರಿಯ ಮಿಷನರಿ ಕೆನ್ನೆ ನೀರಿಗೆ ತಾಗುವಷ್ಟು ಬಗ್ಗಿ ನೋಡುತ್ತಲೇ ಇದ್ದ. ಮೇಷ್ಟ್ರು ಕನ್ನಡಕ ಒರೆಸದೆ ಕಣ್ಣಗಲಿಸಿ ನೋಡಿದರು.

"ಪೂರ್ತಿ" ಎಂದ ಹುಡುಗ.

"ಪೂರ್ತಿ" ಎಂದರು ಮೇಷ್ಟ್ರು.

ಟೈಲರ್ ಉಸಿರು ಬಿಡುತ್ತ ಎದ್ದ. ಹೆಂಡತಿ ಮೆಟ್ಟಿಲಿನಿಂದ ಎದ್ದಿರಲಿಲ್ಲ. ಎರಡೂ ಪಾದ ನೀರಿನಲ್ಲಿಟ್ಟುಕೊಂಡು, ಬಿಚ್ಚಿದ ಬಿಳಿ ದಾರವನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.